ಪೋಸ್ಟ್ ಹಾಕುತ್ತಿದ್ದೀರಿ, ಸೈಟಿಗೆ ಜನ ಬರುತ್ತಿಲ್ಲ: ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಕೈಪಿಡಿ

ಸಾಮಾಜಿಕ ಜಾಲಗಳಿಂದ ಸೈಟಿಗೆ ಜನ ಬರುತ್ತಿಲ್ಲ ಅಂದ ಕೂಡಲೇ ಹೆಚ್ಚಿನವರು ದಿನಕ್ಕೆ ಎರಡು ಹಾಕುತ್ತಿದ್ದ ಪೋಸ್ಟನ್ನು ಆರಕ್ಕೆ ಏರಿಸುತ್ತಾರೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ಟ್ಯಾಂಕಿಗೆ ಇನ್ನಷ್ಟು ತುಂಬಿಸಿದ ಹಾಗೆ ಇದು. ಪೋಸ್ಟ್ ಯಾರಿಗಾದರೂ ಕಾಣಬೇಕು, ಕಂಡವರು ಲಿಂಕ್ ಒತ್ತಬೇಕು, ಒತ್ತಿದವರಿಗೆ ಪುಟ ತೆರೆಯಬೇಕು, ತೆರೆದದ್ದು ಲೆಕ್ಕಕ್ಕೆ ಸಿಗಬೇಕು. ಕೊಳವೆ ಈ ನಾಲ್ಕು ಜಾಗದಲ್ಲಿ ಎಲ್ಲಿ ಬೇಕಾದರೂ ಒಡೆಯಬಹುದು. ಒಂದೊಂದಕ್ಕೂ ಮದ್ದು ಬೇರೆ.

ಮೊದಲು ಮೂರು ಅಂಕಿ, ಒಂದು ಪರೀಕ್ಷೆ

ಕಳೆದ 28 ದಿನಗಳ ಮೂರು ಸಂಖ್ಯೆ ಬರೆದುಕೊಳ್ಳಿ. ಪೋಸ್ಟ್‌ಗಳು ಒಟ್ಟು ಎಷ್ಟು ಬಾರಿ ಕಂಡವು, ಲಿಂಕ್ ಎಷ್ಟು ಬಾರಿ ಒತ್ತಲಾಯಿತು, ಅದೇ ಜಾಲದಿಂದ ಸೈಟಿಗೆ ಎಷ್ಟು ಭೇಟಿ ದಾಖಲಾಯಿತು. ಮೊದಲೆರಡು ಆ ಜಾಲದ ‘ಇನ್‌ಸೈಟ್ಸ್’ ಪುಟದಲ್ಲಿ ಸಿಗುತ್ತವೆ, ಮೂರನೆಯದು ನಿಮ್ಮ ಅನಲಿಟಿಕ್ಸ್‌ನಲ್ಲಿ, ಅಂದರೆ ಸೈಟಿನ ಭೇಟಿ ಎಣಿಸುವ ಸೇವೆಯಲ್ಲಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ವರದಿಯ ‘ಕ್ಲಿಕ್ಸ್ ಆಲ್’ ಕಾಲಮ್ಮನ್ನು ನಂಬಬೇಡಿ. ಲೈಕ್ ಒತ್ತಿದ್ದು, ಕಮೆಂಟ್ ತೆರೆದಿದ್ದು, ನಿಮ್ಮ ಪ್ರೊಫೈಲ್ ನೋಡಿದ್ದು ಎಲ್ಲವೂ ಅದರಲ್ಲಿ ಸೇರಿರುತ್ತದೆ. ಬೇಕಾದ್ದು ‘ಲಿಂಕ್ ಕ್ಲಿಕ್ಸ್’ ಮಾತ್ರ.

ಇನ್ನು ಪರೀಕ್ಷೆ. ಒಂದು ಪುಟದ ಲಿಂಕಿಗೆ ಯುಟಿಎಂ ಗುರುತು (ಎಲ್ಲಿಂದ ಬಂದರೆಂದು ಹೇಳಲು ವಿಳಾಸದ ಬಾಲಕ್ಕೆ ಅಂಟಿಸುವ ಪದಗಳು) ಸೇರಿಸಿ ನೀವು ಎಂದಿನಂತೆ ಹಾಕುವ ಜಾಗದಲ್ಲೇ ಹಾಕಿ. ನಿಮ್ಮದಲ್ಲದ ಇನ್ನೊಂದು ಫೋನಿನಲ್ಲಿ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ, ಆ ಜಾಲದ ಆ್ಯಪ್ ಒಳಗಿನಿಂದಲೇ ಅದನ್ನು ಒತ್ತಿ. ಅದೇ ಹೊತ್ತಿಗೆ ಗೂಗಲ್ ಅನಲಿಟಿಕ್ಸ್‌ನ ‘ರಿಯಲ್‌ಟೈಮ್’ ಪುಟ ತೆರೆದಿಟ್ಟುಕೊಳ್ಳಿ. ಅದು ಹಿಂದಿನ 30 ನಿಮಿಷದ ಭೇಟಿಗಳನ್ನು ತೋರಿಸುತ್ತದೆ. ಸರಿಯಾದ ಮೂಲದ ಹೆಸರಿನೊಂದಿಗೆ ನೀವು ಅಲ್ಲಿ ಕಂಡರೆ ಕೊಳವೆ ಸರಿಯಿದೆ, ತೊಂದರೆ ಪೋಸ್ಟಿನಲ್ಲೋ ರೀಚ್‌ನಲ್ಲೋ, ಅಂದರೆ ಅದು ಎಷ್ಟು ಜನರಿಗೆ ಕಾಣುತ್ತದೆ ಎಂಬುದರಲ್ಲೋ ಇದೆ. ಕಾಣದಿದ್ದರೆ ದೋಷ ಲಿಂಕ್ ಒತ್ತಿದ ನಂತರದ್ದು. ಉಳಿದ ವರದಿಗಳು ಪೂರ್ತಿ ತುಂಬಲು 24ರಿಂದ 48 ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಪೋಸ್ಟ್ ಹಾಕಿ ಮಧ್ಯಾಹ್ನ ಸೊನ್ನೆ ನೋಡಿ ಕಂಗಾಲಾಗಬೇಕಿಲ್ಲ.

ಲೈಕ್ ಬರುತ್ತಿದೆ, ಕ್ಲಿಕ್ ಮಾತ್ರ ಇಲ್ಲ

ಲಿಂಕ್ ಒತ್ತಲು ಬರುತ್ತದೆಯೇ ಎಂದು ಮೊದಲು ನೋಡಿ. ಕೇಳಲು ಬಾಲಿಶ, ಆದರೆ ಅತಿ ಹೆಚ್ಚು ಸಿಗುವ ದೋಷ ಇದೇ. ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗಿನ ಬರಹದಲ್ಲಿ ಹಾಕಿದ ವಿಳಾಸ ಬರೀ ಅಕ್ಷರ, ಒತ್ತಿದರೆ ಏನೂ ಆಗದು. ಅಲ್ಲಿ ಕೆಲಸ ಮಾಡುವುದು ಬಯೋದಲ್ಲಿನ ಲಿಂಕ್ ಮತ್ತು ಸ್ಟೋರಿಯ ಲಿಂಕ್ ಸ್ಟಿಕರ್. 2023ರಿಂದ ಬಯೋದಲ್ಲಿ ಐದು ಲಿಂಕ್ ಇಡಬಹುದು. ಸ್ಟಿಕರ್ 2021ರ ಅಕ್ಟೋಬರ್‌ನಿಂದ ಎಲ್ಲ ಖಾತೆಗಳಿಗೂ ಸಿಕ್ಕಿದೆ, ಹತ್ತು ಸಾವಿರ ಫಾಲೋವರ್ ಬೇಕೆಂಬ ಹಳೆಯ ನಿಯಮ ಈಗಿಲ್ಲ. ಯೂಟ್ಯೂಬ್ ಶಾರ್ಟ್ಸ್‌ನ ವಿವರಣೆ ಮತ್ತು ಕಮೆಂಟಿನ ಲಿಂಕ್‌ಗಳು 2023ರ ಆಗಸ್ಟ್ 31ರಿಂದ ಒತ್ತಲು ಬರುವುದಿಲ್ಲ. ದೊಡ್ಡ ವಿಡಿಯೊಗಳ ವಿವರಣೆಯಲ್ಲಿ ಬರುತ್ತದೆ.

ಕನ್ನಡ ಅಕ್ಷರಗಳಿರುವ ವಿಳಾಸಗಳದ್ದು ಬೇರೆಯೇ ಗೋಳು. ವಿಳಾಸದಲ್ಲಿ ಒಂದೊಂದು ಕನ್ನಡ ಸಂಕೇತವೂ ಮೂರು ಬೈಟ್ ಆಗಿ, ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದ ಹಲಂತವೂ ಸೇರಿ ಐದು ಸಂಕೇತ, ಅಂದರೆ 45 ಅಕ್ಷರ. ಆರು ಪದದ ಶೀರ್ಷಿಕೆ ಹಾಗೇ ವಿಳಾಸವಾದರೆ ಅದು ಪರದೆ ತುಂಬ ಹರಡಿ ವಂಚನೆಯ ಲಿಂಕಿನಂತೆ ಕಾಣುತ್ತದೆ. ಬಿಚ್ಚಿದ ಕನ್ನಡ ರೂಪದಲ್ಲೇ ಅಂಟಿಸಿದರೆ ಕೆಲವು ಆ್ಯಪ್‌ಗಳು ಅರ್ಧಕ್ಕೇ ಲಿಂಕ್ ಕತ್ತರಿಸಿ ‘ಪುಟ ಸಿಗಲಿಲ್ಲ’ ತೋರಿಸುತ್ತವೆ. ಲೇಖನ ಕನ್ನಡದಲ್ಲೇ ಇರಲಿ, ವಿಳಾಸ ಮಾತ್ರ ರೋಮನ್ ಅಕ್ಷರದ ಮೂರು ನಾಲ್ಕು ಪದವಾಗಿರಲಿ. ಹಳೆಯ ವಿಳಾಸ ಬದಲಿಸುವುದಾದರೆ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಾಯಂ ತಿರುಗಿಸುವ ವ್ಯವಸ್ಥೆ) ಹಾಕದೆ ಬದಲಿಸಬೇಡಿ. ಹಾಗೆ ಬದಲಿಸಿದರೆ ಈಗಾಗಲೇ ಶೇರ್ ಆದ ಲಿಂಕ್‌ಗಳೆಲ್ಲ ಸಾಯುತ್ತವೆ.

ಇಷ್ಟೂ ಸರಿಯಿದ್ದು ಕ್ಲಿಕ್ ಬಾರದಿದ್ದರೆ ದೋಷ ಬರಹದ್ದು. ಪೋಸ್ಟಿನಲ್ಲೇ ವಿಷಯವೆಲ್ಲ ಮುಗಿದಿದ್ದರೆ ಓದುಗ ಲೈಕ್ ಒತ್ತಿ ಮುಂದೆ ಹೋಗುವುದರಲ್ಲಿ ತಪ್ಪೇನಿದೆ? ಅದೇ ಲಿಂಕನ್ನು ಮೂರು ಬೇರೆ ದಿನ, ಒಂದೇ ಹೊತ್ತಿಗೆ, ಮೊದಲ ಸಾಲು ಮಾತ್ರ ಬದಲಿಸಿ ಹಾಕಿ ನೋಡಿ. ಚಿತ್ರ, ಹೊತ್ತು, ಸಾಲು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲಿಸಿತೆಂದು ತಿಳಿಯದು.

ಲಿಂಕ್ ಹಾಕಿದರೆ ಚಿತ್ರ ಬರುವುದಿಲ್ಲ, ಅಥವಾ ಹಳೆಯ ಚಿತ್ರವೇ ಬರುತ್ತದೆ

ಲಿಂಕ್ ಜೊತೆ ಚಿತ್ರ, ಶೀರ್ಷಿಕೆ ತೋರಿಸುವ ಪ್ರಿವ್ಯೂ ಕಾರ್ಡ್ ತಾನಾಗಿ ಹುಟ್ಟುವುದಿಲ್ಲ. ಪುಟದ ಕೋಡಿನ ತಲೆಭಾಗದಲ್ಲಿರುವ ಓಪನ್ ಗ್ರಾಫ್ ಟ್ಯಾಗ್‌ಗಳನ್ನು ಆ ಜಾಲದ ಬಾಟ್, ಅಂದರೆ ತಾನಾಗಿ ಓಡುವ ತಂತ್ರಾಂಶ, ಬಂದು ಓದುತ್ತದೆ. ಫೇಸ್‌ಬುಕ್ 2010ರಲ್ಲಿ ತಂದ ಈ ಪದ್ಧತಿಯನ್ನು ಈಗ ಬಹುತೇಕ ಎಲ್ಲ ಜಾಲಗಳೂ ಓದುತ್ತವೆ. ಶೀರ್ಷಿಕೆ, ಬಗೆ, ಚಿತ್ರ, ವಿಳಾಸ ಎಂಬ ನಾಲ್ಕು ಟ್ಯಾಗ್ ಕಡ್ಡಾಯ, ವಿವರಣೆಯೂ ಇದ್ದರೆ ಚೆಂದ.

ಫೇಸ್‌ಬುಕ್‌ನ ‘ಶೇರಿಂಗ್ ಡಿಬಗರ್’ಗೆ ಲಾಗಿನ್ ಆಗಿ ಲಿಂಕ್ ಅಂಟಿಸಿ. ಲಿಂಕ್ಡ್‌ಇನ್‌ಗೆ ‘ಪೋಸ್ಟ್ ಇನ್‌ಸ್ಪೆಕ್ಟರ್’ ಇದೆ, ಟೆಲಿಗ್ರಾಂನಲ್ಲಿ ‘ವೆಬ್‌ಪೇಜ್‌ಬಾಟ್’ಗೆ ಲಿಂಕ್ ಕಳಿಸಿದರೆ ಹೊಸ ಪ್ರಿವ್ಯೂ ತರುತ್ತದೆ. ಮೂರೂ ಪುಕ್ಕಟೆ. ಡಿಬಗರ್ ತೋರಿಸುವುದನ್ನು ಹೀಗೆ ಓದಿಕೊಳ್ಳಿ.

ಹಳೆಯ ಚಿತ್ರ ಕಂಡರೆ ಅದು ಸಂಗ್ರಹದ ಪ್ರತಿ. ಫೇಸ್‌ಬುಕ್ ತಾನಾಗಿ ಸುಮಾರು 30 ದಿನಕ್ಕೊಮ್ಮೆ ಮರುಓದುತ್ತದೆ, ಲಿಂಕ್ಡ್‌ಇನ್ ಸುಮಾರು ಒಂದು ವಾರ ಹಳೆಯದನ್ನೇ ಇಟ್ಟುಕೊಂಡಿರುತ್ತದೆ. ‘ಸ್ಕ್ರೇಪ್ ಅಗೇನ್’ ಒತ್ತಿ. ಚಿತ್ರದ ಕಡತದ ಹೆಸರು ಹಳೆಯದೇ ಇದ್ದು ಒಳಗಿನ ಚಿತ್ರ ಮಾತ್ರ ಬದಲಾಗಿದ್ದರೆ ಒತ್ತಿದರೂ ಹಳೆಯದೇ ಬರಬಹುದು. ಹೊಸ ಹೆಸರಿನಲ್ಲಿ ಏರಿಸಿ.

403, ಅಂದರೆ ‘ಪ್ರವೇಶವಿಲ್ಲ’ ಎಂಬ ಉತ್ತರ, ಬಂದರೆ ನಿಮ್ಮದೇ ಫೈರ್‌ವಾಲ್ ಅಥವಾ ಬಾಟ್ ತಡೆಯುವ ಪ್ಲಗಿನ್ ಬಾಗಿಲು ಹಾಕಿದೆ. ಸೈಟಿಗೆ ಹೊಸದಾಗಿ ಭದ್ರತಾ ಸೇವೆ ಹಾಕಿಸಿದ ಮರುದಿನವೇ ಪ್ರಿವ್ಯೂ ಮಾಯವಾದರೆ ಬೇರೆಲ್ಲೂ ಹುಡುಕಬೇಡಿ. ಫೇಸ್‌ಬುಕ್ ಎಕ್ಸ್‌ಟರ್ನಲ್ ಹಿಟ್, ಟ್ವಿಟರ್ ಬಾಟ್, ಲಿಂಕ್ಡ್‌ಇನ್ ಬಾಟ್, ಟೆಲಿಗ್ರಾಂ ಬಾಟ್ ಎಂಬ ಹೆಸರುಗಳಿಗೆ ಅನುಮತಿ ಕೊಡಿ. ಬಾಟ್‌ಗಳು ಎಲ್ಲಿ ಹೋಗಬಾರದೆಂದು ಹೇಳುವ ರೋಬಾಟ್ಸ್ ಕಡತವನ್ನೂ ನೋಡಿ. ಎಕ್ಸ್‌ನ (ಹಿಂದಿನ ಟ್ವಿಟರ್) ಬಾಟ್ ಅದಕ್ಕೆ ಬದ್ಧ, ಅಲ್ಲಿ ಚಿತ್ರಗಳ ಫೋಲ್ಡರ್ ತಡೆದಿದ್ದರೆ ಶೀರ್ಷಿಕೆ ಬಂದು ಚಿತ್ರ ಮಾತ್ರ ಬರುವುದಿಲ್ಲ.

ಯಾವ ಲೇಖನ ಹಾಕಿದರೂ ಮುಖಪುಟದ ಶೀರ್ಷಿಕೆಯೇ ಬಂದರೆ, ವಿಳಾಸದ ಟ್ಯಾಗಿನಲ್ಲಿ ಎಲ್ಲ ಪುಟಕ್ಕೂ ಮುಖಪುಟವೇ ನಮೂದಾಗಿರುತ್ತದೆ. ಹುಡುಕಾಟಕ್ಕೆ ಪುಟ ಸಜ್ಜುಗೊಳಿಸುವ ಎಸ್‌ಇಒ ಪ್ಲಗಿನ್ ಎರಡು ಒಟ್ಟಿಗಿದ್ದರೂ ಟ್ಯಾಗ್ ಇಮ್ಮಡಿಯಾಗಿ ಇಂಥದೇ ಗೊಂದಲ. ಒಂದನ್ನು ತೆಗೆಯಿರಿ. ಟ್ಯಾಗ್ ಏನೂ ಸಿಗದೆ ಡಿಬಗರ್ ಖಾಲಿ ತೋರಿಸಿದರೆ, ಬ್ರೌಸರ್‌ನಲ್ಲಿ ‘ವ್ಯೂ ಪೇಜ್ ಸೋರ್ಸ್’ ತೆರೆದು ಹುಡುಕಿ. ಅಲ್ಲಿಲ್ಲದೆ ‘ಇನ್‌ಸ್ಪೆಕ್ಟ್’ನಲ್ಲಿ ಮಾತ್ರ ಕಂಡರೆ ಟ್ಯಾಗ್‌ಗಳನ್ನು ಜಾವಾಸ್ಕ್ರಿಪ್ಟ್ ಆಮೇಲೆ ತುಂಬುತ್ತಿದೆ. ಪ್ರಿವ್ಯೂ ಬಾಟ್‌ಗಳು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ. ಇದು ಸೈಟ್ ಕಟ್ಟಿದವರ ಕೆಲಸ. ‘ಸರ್ವರ್‌ನಲ್ಲೇ ಪುಟ ತಯಾರಾಗಿ ಬರಬೇಕು’ ಎಂದು ಅವರಿಗೆ ಹೇಳಿದರೆ ಸಾಕು.

ಚಿತ್ರದ ಅಳತೆ 1200 × 630 ಪಿಕ್ಸೆಲ್ ಇಟ್ಟುಕೊಳ್ಳಿ. ಫೇಸ್‌ಬುಕ್‌ನಲ್ಲಿ 600 × 315ಕ್ಕಿಂತ ಚಿಕ್ಕದಾದರೆ ಪಕ್ಕದಲ್ಲಿ ಅಂಚೆಚೀಟಿಯಷ್ಟೇ ಕಾಣುತ್ತದೆ, 200 × 200ಕ್ಕಿಂತ ಚಿಕ್ಕದನ್ನು ಅದು ತೆಗೆದುಕೊಳ್ಳುವುದೇ ಇಲ್ಲ. ಜೆಪೆಗ್ ಅಥವಾ ಪಿಎನ್‌ಜಿ ಸಾಕು, ಎಸ್‌ವಿಜಿ ನಡೆಯದು. ಚಿತ್ರದ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ತಿ ವಿಳಾಸವಾಗಿರಲಿ. ಅಗಲ ಎತ್ತರದ ಟ್ಯಾಗ್‌ಗಳನ್ನೂ ಕೊಡಿ. ಇಲ್ಲವಾದರೆ ಮೊದಲು ಶೇರ್ ಮಾಡಿದವರಿಗೆ ಚಿತ್ರ ಬಾರದೆ, ಎರಡನೆಯವರಿಂದ ಬರಲು ಶುರುವಾಗುತ್ತದೆ.

ವಾಟ್ಸ್‌ಆ್ಯಪ್‌ನದ್ದು ಪ್ರತ್ಯೇಕ ಲೋಕ. ಅಲ್ಲಿ ಪ್ರಿವ್ಯೂ ತಯಾರಾಗುವುದು ಕಳಿಸುವವರ ಫೋನಿನಲ್ಲೇ. ಲಿಂಕ್ ಅಂಟಿಸಿದ ಕೂಡಲೇ ಕಳಿಸಿಬಿಟ್ಟರೆ ಕಾರ್ಡ್ ಬರುವ ಮೊದಲೇ ಸಂದೇಶ ಹೋಗಿರುತ್ತದೆ. ಎರಡು ಮೂರು ಸೆಕೆಂಡ್ ಕಾಯಬೇಕು. ಚಿತ್ರ ಭಾರವಾದರೆ ಕಾರ್ಡ್ ಬೋಳಾಗಿ ಬರುತ್ತದೆ, 300 ಕೆಬಿ ಒಳಗೆ ಇಟ್ಟರೆ ನಿಶ್ಚಿಂತೆ. ಒಮ್ಮೆ ಹೋದ ಸಂದೇಶದ ಕಾರ್ಡನ್ನು ನೀವು ಸೈಟಿನಲ್ಲಿ ಏನು ಬದಲಿಸಿದರೂ ತಿದ್ದಲಾಗದು.

ಜನ ಬರುತ್ತಿದ್ದಾರೆ, ಎಲ್ಲ ‘ಡೈರೆಕ್ಟ್’ ಲೆಕ್ಕಕ್ಕೆ ಹೋಗುತ್ತಿದ್ದಾರೆ

ಇದು ಜನರ ಕೊರತೆಯಲ್ಲ, ಲೆಕ್ಕದ ತಪ್ಪು. ಪೋಸ್ಟ್ ಹಾಕಿದ ಅರ್ಧ ಗಂಟೆಯಲ್ಲಿ, ಯಾರೂ ಕೈಯಾರೆ ಟೈಪ್ ಮಾಡಲಾರದಷ್ಟು ಉದ್ದ ವಿಳಾಸದ ಒಳಪುಟಕ್ಕೆ ‘ಡೈರೆಕ್ಟ್’ ಭೇಟಿ ಏರಿದರೆ ಅವರು ಬಂದದ್ದು ಶೇರ್‌ನಿಂದಲೇ. ವಾಟ್ಸ್‌ಆ್ಯಪ್‌ನಂಥ ಸಂದೇಶದ ಆ್ಯಪ್‌ಗಳು, ಇಮೇಲ್ ಆ್ಯಪ್‌ಗಳು ‘ಎಲ್ಲಿಂದ ಬಂದರು’ ಎಂಬ ಗುರುತನ್ನು ಸಾಮಾನ್ಯವಾಗಿ ಕಳಿಸುವುದಿಲ್ಲ. ಇದಕ್ಕೆ 2012ರಿಂದ ‘ಡಾರ್ಕ್ ಸೋಶಿಯಲ್’ ಎಂಬ ಹೆಸರಿದೆ. ನಿಮ್ಮ ಸೈಟ್ ಇನ್ನೂ ಎಚ್‌ಟಿಟಿಪಿಯಲ್ಲೇ ಇದ್ದರೆ ಎಚ್‌ಟಿಟಿಪಿಎಸ್ ತಾಣಗಳಿಂದ ಬಂದವರ ಗುರುತೂ ಸಾಮಾನ್ಯವಾಗಿ ದಾರಿಯಲ್ಲೇ ಕಳಚುತ್ತದೆ.

ಮದ್ದು ಯುಟಿಎಂ. ಸೋರ್ಸ್, ಮೀಡಿಯಂ, ಕ್ಯಾಂಪೇನ್ ಈ ಮೂರು ಸಾಕು. ಎಡವುವುದು ಇಲ್ಲಿ:

ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಮೂಲವಾಗುತ್ತವೆ. ಫೇಸ್‌ಬುಕ್ ಎಂದು ಒಮ್ಮೆ ದೊಡ್ಡಕ್ಷರದಲ್ಲಿ, ಒಮ್ಮೆ ಚಿಕ್ಕದರಲ್ಲಿ ಬರೆದರೆ ವರದಿಯಲ್ಲಿ ಎರಡು ಸಾಲು. ಎಲ್ಲವನ್ನೂ ಚಿಕ್ಕಕ್ಷರದಲ್ಲೇ ಬರೆಯಿರಿ.

ಮೀಡಿಯಂ ಜಾಗದಲ್ಲಿ ‘ಸೋಶಿಯಲ್’ ಎಂದೇ ಇರಲಿ. ನಿಮಗೆ ತೋಚಿದ ಪದ ಹಾಕಿ, ಸೋರ್ಸ್ ಹೆಸರೂ ಗೂಗಲ್ ಗುರುತಿಸದ್ದಾದರೆ ಆ ಭೇಟಿ ‘ಅನ್‌ಅಸೈನ್ಡ್’ ಬುಟ್ಟಿಗೆ ಬೀಳುತ್ತದೆ.

ವಿಳಾಸದಲ್ಲಿ ಆಗಲೇ ಒಂದು ಪ್ರಶ್ನೆ ಚಿಹ್ನೆ ಇದ್ದರೆ ಮುಂದಿನದು ಆಂಪರ್‌ಸ್ಯಾಂಡ್ ಆಗಬೇಕು, ಮತ್ತೊಂದು ಪ್ರಶ್ನೆ ಚಿಹ್ನೆಯಲ್ಲ. ಹ್ಯಾಷ್ ಗುರುತಿದ್ದರೆ ಯುಟಿಎಂ ಅದಕ್ಕಿಂತ ಮೊದಲು ಬರಬೇಕು.

ಲಿಂಕ್ ಒತ್ತಿ, ಪುಟ ಪೂರ್ತಿ ತೆರೆದ ಮೇಲೆ ವಿಳಾಸಪಟ್ಟಿ ನೋಡಿ. ಯುಟಿಎಂ ಮಾಯವಾಗಿದೆಯೇ? ಹಾಗಾದರೆ ಡಬ್ಲ್ಯುಡಬ್ಲ್ಯುಡಬ್ಲ್ಯು ಇಲ್ಲದ್ದನ್ನು ಇರುವುದಕ್ಕೆ ತಿರುಗಿಸುವ ರೀಡೈರೆಕ್ಟ್ ಅದನ್ನು ನುಂಗಿದೆ. ಹೋಸ್ಟಿಂಗ್‌ನವರಿಗೆ ಹೇಳಿ ಸರಿಪಡಿಸಿಕೊಳ್ಳಿ, ಅಲ್ಲಿಯತನಕ ಕೊನೆಗೆ ನಿಲ್ಲುವ ವಿಳಾಸವನ್ನೇ ಶೇರ್ ಮಾಡಿ.

ಸೈಟಿನ ಒಳಗಿನ ಪುಟದಿಂದ ಪುಟಕ್ಕೆ ಕೊಡುವ ಲಿಂಕ್‌ಗಳಿಗೆ ಯುಟಿಎಂ ಹಾಕಲೇಬೇಡಿ, ಅಸಲಿ ಮೂಲದ ಲೆಕ್ಕ ಕೆಡುತ್ತದೆ.

ಅಲ್ಲಿ ನೂರು ಕ್ಲಿಕ್, ಇಲ್ಲಿ ನಲವತ್ತು ಭೇಟಿ

ಎರಡೂ ಕಡೆಯ ಅಂಕಿ ಯಾವತ್ತೂ ಸರಿಸಮ ಇರುವುದಿಲ್ಲ. ಕೆಲವರು ಎರಡು ಸಲ ಒತ್ತುತ್ತಾರೆ, ಕೆಲವರ ಬ್ರೌಸರ್ ಅನಲಿಟಿಕ್ಸ್ ಅನ್ನೇ ತಡೆಯುತ್ತದೆ, ಕೆಲವರು ಕುಕೀ ಒಪ್ಪಿಗೆ ಕೊಡುವ ಮೊದಲೇ ಹೋಗುತ್ತಾರೆ. ನೂರಕ್ಕೆ ಎಂಬತ್ತು ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಧಕ್ಕಿಂತ ಕೆಳಗಿಳಿದರೆ ದೋಷವಿದೆ.

ಅವರು ಬಂದೂ ಲೆಕ್ಕ ತಪ್ಪಿದರೋ, ಬರಲೇ ಇಲ್ಲವೋ ಎಂಬುದನ್ನು ಸರ್ವರ್‌ನ ಆಕ್ಸೆಸ್ ಲಾಗ್, ಅಂದರೆ ಸೈಟಿಗೆ ಬಂದ ಪ್ರತಿ ಕೋರಿಕೆಯ ದಾಖಲೆ, ಹೇಳುತ್ತದೆ. ಫೇಸ್‌ಬುಕ್‌ನಿಂದ ಬಂದ ಲಿಂಕಿನ ಬಾಲದಲ್ಲಿ ‘ಎಫ್‌ಬಿಸಿಎಲ್‌ಐಡಿ’ ಎಂಬ ಗುರುತು ಅಂಟಿಕೊಂಡಿರುತ್ತದೆ. ಒಂದು ದಿನದ ಲಾಗಿನಲ್ಲಿ ಅದನ್ನು ಎಣಿಸಿ. ಎಣಿಸುವಾಗ ಫೇಸ್‌ಬುಕ್ ಎಕ್ಸ್‌ಟರ್ನಲ್ ಹಿಟ್ ಎಂದಿರುವ ಸಾಲುಗಳನ್ನು ಬಿಡಿ, ಅದು ಮನುಷ್ಯನಲ್ಲ. ಲಾಗಿನಲ್ಲಿ ತೊಂಬತ್ತು, ಅನಲಿಟಿಕ್ಸ್‌ನಲ್ಲಿ ನಲವತ್ತು ಎಂದಾದರೆ ಅನಲಿಟಿಕ್ಸ್ ಕೋಡ್ ತಡವಾಗಿ ಓಡುತ್ತಿದೆ ಅಥವಾ ಪುಟ ಎಷ್ಟು ನಿಧಾನವೆಂದರೆ ಕೋಡ್ ಓಡುವ ಮೊದಲೇ ಜನ ಹಿಂದೆ ಹೋಗುತ್ತಿದ್ದಾರೆ. ಲಾಗಿನಲ್ಲೇ ನಲವತ್ತಿದ್ದರೆ ನಡುವೆ ನಿಂತ ಭದ್ರತಾ ಸೇವೆ ‘ನೀವು ಮನುಷ್ಯರೇ?’ ಎಂಬ ಪುಟ ತೋರಿಸಿ ಓಡಿಸುತ್ತಿರಬಹುದು.

ಹೆಚ್ಚಿನ ಸಲ ನಿಧಾನದ್ದೇ ಕಥೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ಅಂಕ ನೋಡಿ. ಮುಖ್ಯ ಭಾಗ ಕಾಣಿಸಲು ಹಿಡಿಯುವ ಸಮಯ, ಅಂದರೆ ಎಲ್‌ಸಿಪಿ, 2.5 ಸೆಕೆಂಡ್ ಒಳಗಿರಬೇಕು. ಮೊದಲು ಕೈಹಾಕಬೇಕಾದದ್ದು ಮೇಲಿನ ದೊಡ್ಡ ಚಿತ್ರಕ್ಕೆ. ಅದನ್ನು ಕುಗ್ಗಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಚೆನ್ನಾಗಿ ಓಡುತ್ತಿದ್ದ ಸೈಟ್ ಪೋಸ್ಟ್ ವೈರಲ್ ಆದ ಹೊತ್ತಿಗೇ 503 (‘ಸೇವೆ ಸದ್ಯಕ್ಕಿಲ್ಲ’) ತೋರಿಸಿ ಮಲಗುವುದುಂಟು. ಆಗ ಎಲ್ಲರೂ ದೊಡ್ಡ ಹೋಸ್ಟಿಂಗ್ ಪ್ಲಾನ್ ಕೊಳ್ಳಲು ಓಡುತ್ತಾರೆ. ಸ್ವಲ್ಪ ತಡೆಯಿರಿ. ಎಫ್‌ಬಿಸಿಎಲ್‌ಐಡಿ ಗುರುತು ಕ್ಲಿಕ್‌ನಿಂದ ಕ್ಲಿಕ್‌ಗೆ ಬದಲಾಗುತ್ತದೆ. ನಿಮ್ಮ ಕ್ಯಾಶ್ (ಪುಟದ ಸಿದ್ಧ ಪ್ರತಿ ಇಟ್ಟುಕೊಂಡು ಕೊಡುವ ವ್ಯವಸ್ಥೆ) ವಿಳಾಸವನ್ನು ಬಾಲದ ಸಮೇತ ನೋಡುವಂಥದ್ದಾದರೆ ಒಬ್ಬೊಬ್ಬ ಭೇಟಿಗಾರನೂ ಅದಕ್ಕೆ ಹೊಸ ಪುಟ ಕೇಳಿದಂತೆ. ಸಿದ್ಧ ಪ್ರತಿ ಕೊಡುವ ಬದಲು ಸರ್ವರ್ ಪ್ರತಿಯೊಬ್ಬರಿಗೂ ಪುಟವನ್ನು ಹೊಸದಾಗಿ ಬೇಯಿಸಿ ಬಡಿಸುತ್ತದೆ, ಸಾವಿರ ಜನ ಒಟ್ಟಿಗೆ ಬಂದರೆ ಕುಸಿಯುತ್ತದೆ. ಕ್ಯಾಶ್ ಪ್ಲಗಿನ್ ಅಥವಾ ಸಿಡಿಎನ್ (ಪ್ರತಿಗಳನ್ನು ಹಲವು ಊರುಗಳ ಸರ್ವರ್‌ಗಳಿಂದ ಹಂಚುವ ಸೇವೆ) ಸೆಟ್ಟಿಂಗ್‌ನಲ್ಲಿ ಈ ಗುರುತನ್ನೂ ಯುಟಿಎಂ ಗುರುತುಗಳನ್ನೂ ಕಡೆಗಣಿಸುವಂತೆ ಮಾಡಿ. ಎಷ್ಟೋ ಸಲ ದೊಡ್ಡ ಪ್ಲಾನ್ ಬೇಕಾಗುವುದೇ ಇಲ್ಲ.

ಆ್ಯಪ್ ಒಳಗಿನ ಬ್ರೌಸರ್‌ನಲ್ಲೂ ಪುಟ ತೆರೆದು ನೋಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಲಿಂಕನ್ನು ತಮ್ಮದೇ ಕಿಟಕಿಯಲ್ಲಿ ತೆರೆಯುತ್ತವೆ, ಆ ಬಳಕೆದಾರ ಕ್ರೋಮ್‌ನಲ್ಲಿ ಮಾಡಿಟ್ಟ ಲಾಗಿನ್ ಅಲ್ಲಿ ಇರುವುದಿಲ್ಲ. ಅಂಥ ಕಿಟಕಿಗಳಲ್ಲಿ ಗೂಗಲ್ ಖಾತೆಯ ಲಾಗಿನ್ ಗೂಗಲ್ ಕಡೆಯಿಂದಲೇ ನಿಷಿದ್ಧ. ಓದಲು ಅದೊಂದೇ ದಾರಿ ಇಟ್ಟಿದ್ದರೆ ಶೇರ್‌ನಿಂದ ಬಂದವರೆಲ್ಲ ಬಾಗಿಲಲ್ಲೇ ನಿಂತು ಹಿಂದಿರುಗುತ್ತಾರೆ.

ಒಮ್ಮೆಲೇ ಸಾವಿರಾರು ಭೇಟಿ, ಯಾರೂ ಒಂದು ಸೆಕೆಂಡ್ ನಿಲ್ಲುವುದಿಲ್ಲ

ಒಂದೇ ಊರು, ಒಂದೇ ಪರದೆ ಅಳತೆ, ‘ಎಂಗೇಜ್‌ಮೆಂಟ್’ ಸಮಯ ಸೊನ್ನೆ. ಇದು ಬಾಟ್. ‘ಹತ್ತು ಸಾವಿರ ಸೋಶಿಯಲ್ ಟ್ರಾಫಿಕ್’ ಎಂದು ಮಾರುವವರಿಂದ ಕೊಂಡರೂ, ಪರಸ್ಪರ ಕ್ಲಿಕ್ ವಿನಿಮಯ ಕೂಟಗಳಿಗೆ ಸೇರಿದರೂ ಸಿಗುವುದು ಇಂಥದ್ದೇ. ಸೈಟಿನಲ್ಲಿ ಗೂಗಲ್‌ನ ಆಡ್‌ಸೆನ್ಸ್ ಜಾಹೀರಾತು ಇದ್ದರೆ ಇಂಥ ಖರೀದಿ, ವಿನಿಮಯವನ್ನು ಕೂಡಲೇ ನಿಲ್ಲಿಸಿ. ಅಮಾನ್ಯ ಟ್ರಾಫಿಕ್ ಎಂದು ಹಣ ಕಡಿತವಾಗಬಹುದು, ಖಾತೆಯೇ ಮುಚ್ಚಿಹೋಗಬಹುದು. ಬಾಟ್ ಬಂದದ್ದು ನಿಮ್ಮ ತಪ್ಪಿಲ್ಲದಿದ್ದರೂ ಆ ದಿನಗಳ ಲಾಗ್ ತೆಗೆದಿಟ್ಟುಕೊಳ್ಳಿ.

ಲಿಂಕ್ ಹಾಕಲು ಬಿಡುವುದೇ ಇಲ್ಲ

‘ಸಮುದಾಯದ ನಿಯಮಕ್ಕೆ ವಿರುದ್ಧ’ ಎಂಬ ಸಂದೇಶ ಬಂದರೆ ಬೇರೆ ಖಾತೆಯಿಂದ ಸೈಟಿನ ಮುಖಪುಟವನ್ನು ಹಾಕಿ ನೋಡಿ. ಅದೂ ಹೋಗದಿದ್ದರೆ ತಡೆ ಬಿದ್ದಿರುವುದು ಇಡೀ ಡೊಮೇನ್ ಮೇಲೆ. ಮುಖಪುಟ ಹೋದರೆ ತಡೆ ಆ ಒಂದು ಪುಟದ್ದು ಅಥವಾ ನಿಮ್ಮ ಖಾತೆಯದ್ದು. ಕಿರುಲಿಂಕ್ ಸೇವೆ ಬಳಸಿದ್ದರೆ ಪೂರ್ತಿ ವಿಳಾಸ ಹಾಕಿ ನೋಡಿ. ಅದೇ ಸೇವೆಯನ್ನು ಸ್ಪ್ಯಾಮ್ ಮಾಡುವವರೂ ಬಳಸಿ ಅದರ ಹೆಸರು ಕೆಡಿಸಿರುತ್ತಾರೆ. ಎಕ್ಸ್ ಹೇಗೂ ಎಷ್ಟುದ್ದದ ವಿಳಾಸವನ್ನೂ 23 ಅಕ್ಷರವೆಂದೇ ಎಣಿಸುತ್ತದೆ, ಅಲ್ಲಿ ಕಿರಿದುಗೊಳಿಸಿ ಲಾಭವಿಲ್ಲ.

ಡೊಮೇನೇ ತಡೆಯಾಗಿದ್ದರೆ ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ‘ಸೆಕ್ಯುರಿಟಿ ಇಶ್ಯೂಸ್’ ಮತ್ತು ಗೂಗಲ್ ಸೇಫ್ ಬ್ರೌಸಿಂಗ್ ಸ್ಥಿತಿ ನೋಡಿ. ಎರಡೂ ಶುದ್ಧವಿದ್ದರೆ ಶೇರಿಂಗ್ ಡಿಬಗರ್‌ನಲ್ಲಿ ಸಿಗುವ ಲಿಂಕಿನಿಂದ ಮರುಪರಿಶೀಲನೆ ಕೇಳಿ ಕಾಯಿರಿ. ಹೊಸ ಡೊಮೇನ್ ಕೊಂಡು ಹಳೆಯದಕ್ಕೆ ತಿರುಗಿಸುವ ಉಪಾಯ ಬೇಡ. ತಪ್ಪಿಸಿಕೊಳ್ಳುವ ಪ್ರಯತ್ನವೆಂದು ತಿಳಿದು ಅದನ್ನೂ ತಡೆಯುತ್ತಾರೆ.

ನನಗೆ ಸರಿಯಾಗಿ ತೆರೆಯುತ್ತದೆ, ಬೇರೆಯವರಿಗೆ ಜೂಜಿನ ಪುಟ ಬರುತ್ತದಂತೆ

ಇಲ್ಲಿ ಉಳಿದೆಲ್ಲ ತಪಾಸಣೆ ನಿಲ್ಲಿಸಿ. ಸೈಟ್ ಹ್ಯಾಕ್ ಆಗಿದೆ ಎಂದೇ ಹಿಡಿಯಿರಿ. ಇಂಥ ಕೋಡ್ ಮಾಲೀಕರಿಗೆ ಕಾಣದಂತೆ ಬರೆದಿರುತ್ತದೆ. ಮೊಬೈಲ್‌ನಲ್ಲಿ, ಸಾಮಾಜಿಕ ಜಾಲದಿಂದ ಬಂದವರಿಗೆ, ಕೆಲವೊಮ್ಮೆ ಮೊದಲ ಸಲ ಬಂದವರಿಗೆ ಮಾತ್ರ ಬೇರೆಡೆಗೆ ತಿರುಗಿಸುತ್ತದೆ. ಅಡ್ಮಿನ್ ಆಗಿ ಲಾಗಿನ್ ಇದ್ದರೆ ಸುಮ್ಮನಿರುತ್ತದೆ. ಹಾಗಾಗಿ ವಿಳಾಸ ಟೈಪ್ ಮಾಡಿ ‘ನನಗೆ ಸರಿಯಿದೆ’ ಅಂದರೆ ಅದು ಪರೀಕ್ಷೆಯಲ್ಲ.

ಹೊಸ ಶೇರ್ ನಿಲ್ಲಿಸಿ. ಕಡತಗಳನ್ನು ಗಾಬರಿಯಲ್ಲಿ ಅಳಿಸಬೇಡಿ, ಮೊದಲು ಇದ್ದ ಸ್ಥಿತಿಯಲ್ಲೇ ಒಂದು ಪ್ರತಿ ಇಟ್ಟುಕೊಳ್ಳಿ, ಹೇಗೆ ನುಗ್ಗಿದರೆಂದು ತಿಳಿಯಲು ಅದು ಬೇಕು. ಹೋಸ್ಟಿಂಗ್‌ನವರಿಗೆ ತಿಳಿಸಿ. ಸೈಟ್, ಹೋಸ್ಟಿಂಗ್, ಡೇಟಾಬೇಸ್, ಇಮೇಲ್ ಪಾಸ್‌ವರ್ಡ್‌ಗಳನ್ನು ಸೋಂಕಿಲ್ಲದ ಬೇರೆ ಸಾಧನದಿಂದ ಬದಲಿಸಿ. ಸೈಟಿನಲ್ಲಿ ಹಣ ಪಾವತಿಯೋ ಗ್ರಾಹಕರ ವಿವರವೋ ಇದ್ದರೆ ನೀವೇ ತೊಳೆಯಲು ಹೋಗಬೇಡಿ, ಇದೇ ಕೆಲಸ ಬಲ್ಲವರಿಗೆ ಕೊಡಿ. ಒಂದು ಕಡತ ಶುದ್ಧ ಮಾಡಿ ಹಿಂಬಾಗಿಲು ಬಿಟ್ಟರೆ ವಾರದೊಳಗೆ ಮತ್ತೆ ಅದೇ ಕಥೆ.

ಕಾಣುವ ಸಂಖ್ಯೆಯೇ ಕುಸಿದಿದೆ

ಕೊನೆಗಿಟ್ಟಿದ್ದು ಯಾಕೆಂದರೆ ಇಲ್ಲಿ ನಿಮ್ಮ ಕೈಯಲ್ಲಿರುವುದು ಕಡಿಮೆ. ಎಲ್ಲ ಜಾಲಗಳಲ್ಲೂ ಒಟ್ಟಿಗೆ ಕುಸಿದರೆ ನಿಮ್ಮ ಬರಹ ಅಥವಾ ಹಾಕುವ ಕ್ರಮ ಬದಲಾಗಿದೆ. ಒಂದೇ ಜಾಲದಲ್ಲಾದರೆ ಅಲ್ಲಿನ ನಿಯಮ ಬದಲಾಗಿರಬಹುದು. 2018ರ ಜನವರಿಯಲ್ಲಿ ಫೇಸ್‌ಬುಕ್ ಗೆಳೆಯರ, ಮನೆಯವರ ಪೋಸ್ಟ್‌ಗಳಿಗೆ ಆದ್ಯತೆ ಕೊಟ್ಟಾಗ ಪುಟಗಳ ರೀಚ್ ಬಿದ್ದದ್ದು ಹೀಗೆ. ಇನ್‌ಸ್ಟಾಗ್ರಾಂನ ‘ಅಕೌಂಟ್ ಸ್ಟೇಟಸ್’ ನೋಡಿ. ರೆಡ್ಡಿಟ್‌ನಲ್ಲಾದರೆ ಲಾಗಿನ್ ಇಲ್ಲದ ಕಿಟಕಿಯಲ್ಲಿ ನಿಮ್ಮ ಪೋಸ್ಟ್ ಹುಡುಕಿ. ನಿಮಗೆ ಕಂಡು ಅಲ್ಲಿ ಕಾಣದಿದ್ದರೆ ಅದನ್ನು ತೆಗೆದುಹಾಕಿದ್ದಾರೆ. ಒಂದೇ ಲಿಂಕನ್ನು ಹತ್ತು ಗುಂಪುಗಳಿಗೆ ಐದು ನಿಮಿಷದಲ್ಲಿ ಅಂಟಿಸುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿ, ಸ್ಪ್ಯಾಮ್ ಜರಡಿಗೆ ಸಿಗುವುದು ಅದೇ.

ಈ ಹಂತದಲ್ಲೇ ‘ರೀಚ್ ಸರಿಮಾಡಿಕೊಡುತ್ತೇವೆ’, ‘ನಿಮ್ಮ ಪುಟ 24 ಗಂಟೆಯಲ್ಲಿ ರದ್ದಾಗಲಿದೆ’ ಎಂಬ ಸಂದೇಶಗಳು ಬರುತ್ತವೆ. ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ನಿಜಕ್ಕೂ ಯಾರನ್ನಾದರೂ ಕೆಲಸಕ್ಕೆ ಹಿಡಿದರೂ ಪುಟದ ಸೆಟ್ಟಿಂಗ್‌ನಲ್ಲಿ ಅವರಿಗೆ ಬೇಕಾದಷ್ಟೇ ಅಧಿಕಾರ ಕೊಡಿ, ಕೆಲಸ ಮುಗಿದ ದಿನ ತೆಗೆಯಿರಿ. ಅವರಿಗೆ ಒಪ್ಪಿಸಬೇಕಾದದ್ದು ಆರಂಭದಲ್ಲಿ ಬರೆದುಕೊಂಡ ಮೂರು ಸಂಖ್ಯೆ, ಕೆಟ್ಟ ಒಂದು ಲಿಂಕ್, ಅದು ಕೆಟ್ಟ ದಿನಾಂಕ, ಡಿಬಗರ್‌ನ ಸ್ಕ್ರೀನ್‌ಶಾಟ್ ಮತ್ತು ಆ ದಿನಕ್ಕೆ ಮುಂಚಿನ ವಾರದಲ್ಲಿ ಸೈಟಿನಲ್ಲಿ ಏನೇನು ಬದಲಿಸಿದಿರಿ ಎಂಬ ಪಟ್ಟಿ.